ಲೆಕ್ಕಕ್ಕಿಲ್ಲದ ದನಿ

ವಾಸಂತಿಯ ಕೆಲಸದಲ್ಲಿ ‘ನಾನು’ ಅಂದರೆ ಅವಳಲ್ಲ. ಅವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ.

ಬೆಳಿಗ್ಗೆ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ತನ್ನ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯೊಳಗೆ, ಹೆಡ್‌ಫೋನ್ ಏರಿಸಿಕೊಂಡು ಕೂತಳೆಂದರೆ ಸಂಜೆಯವರೆಗೆ ಅವಳು ಯಾರ್ಯಾರೋ ಆಗುತ್ತಾಳೆ. ಈ ಕಡೆ ರಷ್ಯನ್ ಬಿಟ್ಟು ಬೇರೆ ಬಾರದ ಮುದುಕರು, ಆ ಕಡೆ ಇಂಗ್ಲಿಷ್ ಬಿಟ್ಟು ಬೇರೆ ಬಾರದ ಡಾಕ್ಟರು, ಬ್ಯಾಂಕಿನವರು, ಸರ್ಕಾರಿ ಆಫೀಸಿನವರು. ನಡುವೆ ಫೋನಿನಲ್ಲಿ ದುಭಾಷಿಯಾದ ವಾಸಂತಿಯ ದನಿ. ಅವರು ಹೇಳಿದ್ದನ್ನು ಅವರೇ ಆಗಿ ಹೇಳಬೇಕು. ‘ಅವರು ಹೀಗಂತಾರೆ’ ಅನ್ನುವ ಹಾಗಿಲ್ಲ. “ನನ್ನ ಪ್ರಾಸ್ಟೇಟ್ ಮತ್ತೆ ಕಾಟ ಕೊಡ್ತಿದೆ ಡಾಕ್ಟ್ರೇ” ಎಂದು ಅರವತ್ತು ದಾಟಿದ ಹೆಂಗಸೊಬ್ಬಳು ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳುವುದನ್ನು ಕೇಳಿದರೆ ನಿಮಗೆ ನಗು ಬಂದೀತು. ಅವಳಿಗೆ ಬರುವುದಿಲ್ಲ. ಅಭ್ಯಾಸವಾಗಿ ಹೋಗಿದೆ.

ಇನ್ನು ತನ್ನದೇ ಮಾತೇನಾದರೂ ಆಡಬೇಕಾಗಿ ಬಂತೆನ್ನಿ. ಸರಿಯಾಗಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಅನ್ನಬೇಕು. ಆಗ “ಇಂಟರ್‌ಪ್ರಿಟರ್‌ಗೆ ಕೇಳಿಸಲಿಲ್ಲ” ಅನ್ನಬೇಕು, ಮೂರನೆಯವರ ಬಗ್ಗೆ ಹೇಳುವ ಹಾಗೆ! ಹೆಸರೂ ಇಲ್ಲ. ಒಂದು ನಂಬರು, ಅಷ್ಟೆ. ಗಿರಾಕಿಗಳ ಜೊತೆ ಗೆಳೆತನ ಕೂಡದು, ಅವರ ಮನೆಗೆ ಹೋಗಕೂಡದು, ಸಲಹೆ ಕೊಡಕೂಡದು. ಇಷ್ಟೆಲ್ಲ ಕಟ್ಟುಪಾಡು ಒಪ್ಪಿಕೊಂಡು ಸಹಿ ಹಾಕಿದವಳು ಅವಳೇ, ಯಾರನ್ನು ದೂರುವುದು?

ಧಾರವಾಡದ ಹುಡುಗಿಗೆ ರಷ್ಯನ್ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಸೋವಿಯತ್ ಕಾಲದಲ್ಲಿ ಸ್ಕಾಲರ್‌ಶಿಪ್ ಸಿಕ್ಕು ವೊರೊನೆಷ್ ಅನ್ನುವ ಊರಿಗೆ ಎಂಜಿನಿಯರಿಂಗ್ ಓದಲು ಹೋದಳು. ಅವಳವ್ವ ರತ್ನವ್ವ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟು, “ಹೋಗ್ತೇನಿ ಅನಬ್ಯಾಡ, ಬರ್ತೇನಿ ಅನ್ನು” ಎಂದು ಬಾಗಿಲಲ್ಲಿ ನಿಲ್ಲಿಸಿ ಹೇಳಿಸಿ ಕಳಿಸಿದ್ದಳು. ಅಲ್ಲಿ ಮೈಸೂರಿನ ಮೂರ್ತಿ ಸಿಕ್ಕ. ಅವನ ಮೈಸೂರು ಕನ್ನಡಕ್ಕೆ ಇವಳು ನಕ್ಕಳು, ಇವಳ ಧಾರವಾಡದ ಕನ್ನಡಕ್ಕೆ ಅವನು ನಕ್ಕ. ಜಗಳ ಬೇಡವೆಂದು ಇಬ್ಬರೂ ರಷ್ಯನ್ನಿಗೆ ಇಳಿದರು. ಮದುವೆಯಾಗಿ, ಮೆಲ್ಬರ್ನಿಗೆ ಬಂದು, ಮಗ ಸುಘೋಷ್ ಹುಟ್ಟಿದ ಮೇಲೂ ಅದು ನಿಲ್ಲಲಿಲ್ಲ. ಜಗಳ, ಸರಸ, ಮಾರ್ಟ್‌ಗೇಜಿನ ಚಿಂತೆ, ಮಗನಿಗೆ ತಿಳಿಯಬಾರದ್ದೆಲ್ಲ ಆ ಭಾಷೆಯಲ್ಲೇ. ಮೂರ್ತಿ ತೀರಿಕೊಂಡಾಗಿನಿಂದ ಮನೆಯಲ್ಲಿ ಆ ಭಾಷೆ ಆಡುವವರಿಲ್ಲ. ಗಂಡ ಸತ್ತರೆ ಗಂಡ ಮಾತ್ರ ಹೋಗುತ್ತಾನೆ ಅಂದುಕೊಂಡಿದ್ದಳು. ಅವನ ಹಿಂದೆ ಒಂದು ಭಾಷೆಯೇ ಎದ್ದು ಹೋಯಿತು.

ಹಾಗಿದ್ದೂ ಕೋಣೆಯೊಳಗೆ ದಿನವಿಡೀ ಅದೇ ಭಾಷೆ. ಬಾಯಿ ತುಂಬ ಮಾತು, ಒಂದೂ ತನ್ನದಲ್ಲ.

ಮಗ ಸುಘೋಷ್ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ ಹಿಡಿದು ಅಲ್ಲೇ ಹತ್ತಿರ ಮನೆ ಮಾಡಿದ್ದಾನೆ. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಬೇಕು. ಪ್ರತಿ ಭಾನುವಾರ ವೀಡಿಯೊದಲ್ಲಿ ಬರುತ್ತಾನೆ.

“ಅಮ್ಮಾ, ಹೌ ಆರ್ ಯೂ? ಇಲ್ಲಿಗೇ ಬಂದ್ಬಿಡು. ಹಿಂದ್ಗಡೆ ನಿನಗೇ ಅಂತ ಗ್ರಾನಿ ಫ್ಲಾಟ್ ಕಟ್ಸೋಣ.”

“ನೋಡೋಣಪಾ. ನಾ ಆರಾಮ ಅದೀನಿ.”

ವಾರದಲ್ಲಿ ಅವಳು ತನ್ನ ಬಗ್ಗೆ ತಾನೇ ಆಡುವ ಮಾತು ಅದೊಂದೇ. ಅದೂ ಸುಳ್ಳು.

ಈ ಫೋನುಗಳ ನಡುವೆ ಒಂದು ಫೋನು ಮಾತ್ರ ಬೇರೆ. ಸಿಡ್ನಿಯ ಬಾಂಡೈನಲ್ಲಿ ಒಬ್ಬಳೇ ಇರುವ ರೈಸಾ ಮಾರ್ಕೊವ್ನಾ. ಒದೆಸ್ಸಾ ಕಡೆಯ ಮುದುಕಿ, ತೊಂಬತ್ತರ ಹತ್ತಿರ. ಗಂಡ ಇಲ್ಲ, ಮಕ್ಕಳಾಗಲೇ ಇಲ್ಲ. ಒಮ್ಮೆ ವಾಸಂತಿಯ ದನಿ ಹಿಡಿಸಿಬಿಟ್ಟ ಮೇಲೆ ಡಾಕ್ಟರಿಗಾಗಲಿ ಫಾರ್ಮಸಿಗಾಗಲಿ “ಆ ನಂಬರಿನಾಕೀನ್ನ ಕೊಡ್ರಿ, ಬ್ಯಾರೇದಾಕಿ ಬ್ಯಾಡ” ಎಂದು ಹಟ ಹಿಡಿದು ಕೂರುತ್ತಾಳೆ. ಮುದುಕಿ ಆಡುವುದು ರಷ್ಯನ್ನೇ. ಆದರೆ ವಾಸಂತಿಯ ಕಿವಿಗೆ ಅದು ಧಾರವಾಡದ ಮಾತಾಗಿ ಬೀಳುತ್ತದೆ, ಅದಕ್ಕೆ ನಾವೂ ಹಾಗೇ ಕೇಳಿಸಿಕೊಳ್ಳೋಣ.

ರೈಸಾ ನೆಟ್ಟಗೆ ಮಾತಾಡುವ ಹೆಂಗಸಲ್ಲ. ಬಾಯಿ ತೆರೆದರೆ ನುಡಿಗಟ್ಟು. “ಈ ಡಾಕ್ಟರ್ ನನ್ನ ಕಿವಿಗೆ ಶಾವಿಗಿ ತೂಗಹಾಕಾಕತ್ತಾನ!” ಅಂದಳು ಒಂದು ಸಲ. ಸುಳ್ಳು ಹೇಳಿ ಯಾಮಾರಿಸುತ್ತಿದ್ದಾನೆ ಅಂತ. ವಾಸಂತಿಗೆ ಒಳಗೊಳಗೇ ನಗು. ಅವರು ಕಿವಿಗೆ ಶಾವಿಗೆ ತೂಗುಹಾಕುತ್ತಾರೆ, ನಾವು ಕಿವಿಗೆ ಹೂವು ಇಡುತ್ತೇವೆ, ಕಿವಿ ಮಾತ್ರ ಒಂದೇ! ಕನ್ನಡಕ್ಕಾದರೆ ಕಣ್ಣು ಮುಚ್ಚಿ ದಾಟಿಸಬಹುದಿತ್ತು. ಇಂಗ್ಲಿಷಿನಲ್ಲಿ ಕಿವಿಯೂ ಇಲ್ಲ, ಶಾವಿಗೆಯೂ ಇಲ್ಲ. “ನೀವು ನನಗೆ ನಿಜ ಹೇಳುತ್ತಿಲ್ಲ ಅಂತ ಅನಿಸುತ್ತಿದೆ” ಎಂದು ಸಪ್ಪೆಯಾಗಿ ಹೇಳಿ ಮುಗಿಸಿದಳು. ಉಪ್ಪು ಹುಳಿ ಖಾರವೆಲ್ಲ ಅವಳ ಬಳಿಯೇ ಉಳಿಯಿತು. ಹೀಗೆ ಉಳಿದದ್ದನ್ನು ಹಂಚಿಕೊಳ್ಳಲು ಮೊದಲಾದರೆ ಮೂರ್ತಿ ಇದ್ದ.

ಅದಕ್ಕಿಂತ ಕಷ್ಟ ಫೋನು ಮುಗಿಯುವ ಹೊತ್ತಿನದು. ಪ್ರತಿ ಸಲವೂ ರೈಸಾ ಡಾಕ್ಟರನ್ನು ಬಿಟ್ಟು ವಾಸಂತಿಯ ಕಡೆಗೇ ತಿರುಗುತ್ತಾಳೆ. “ಈಗ ಇನ್ನೊಂದು ಮುದುಕಿ ನಿನ್ನ ತಲಿ ತಿನ್ನಾಕ ಕಾಯ್ತಿರಬೇಕು. ಹೋಗು ಮಗಳ. ನಿ ಪುಖಾ ನಿ ಪೆರಾ!”

ನಿ ಪುಖಾ ನಿ ಪೆರಾ. ತುಪ್ಪುಳೂ ಸಿಗದಿರಲಿ, ಗರಿಯೂ ಸಿಗದಿರಲಿ. ಬೇಟೆಗೆ ಹೊರಟವನಿಗೆ ಒಳ್ಳೆಯದಾಗಲಿ ಅಂದರೆ ದೃಷ್ಟಿಯಾದೀತೆಂದು ಉಲ್ಟಾ ಹರಸುವುದು. ಮಗು ಉಳಿಯಲೆಂದು ತಿಪ್ಪವ್ವ ಅಂತ ಹೆಸರಿಡುವ ನಾಡಿನವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಹಾಗೆ ಹರಸಿಕೊಂಡವರು ಥ್ಯಾಂಕ್ಸ್ ಅನ್ನಬಾರದು, ಅಂದರೆ ಕೆಟ್ಟಿತು. “ಕ್ ಚೋರ್ತು!” ಅನ್ನಬೇಕು. ದೆವ್ವದ ಪಾಲಾಗಲಿ ಅಂತ. ವೊರೊನೆಷ್‌ನಲ್ಲಿ ಪರೀಕ್ಷೆಗೆ ಹೊರಟಾಗ ಮೂರ್ತಿ ಇವಳಿಗೆ ಮೊದಲು ಹೇಳಿದ್ದು ಅದನ್ನೇ. ಆಮೇಲೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಈ ಕೋಣೆಯ ಬಾಗಿಲಲ್ಲಿ ನಿಂತು “ನಿ ಪುಖಾ” ಅನ್ನುವನು. ಇವಳು ಲೋಟ ಕಿತ್ತುಕೊಂಡು “ಕ್ ಚೋರ್ತು” ಅನ್ನುವಳು. ಆಮೇಲೇ ಹೆಡ್‌ಫೋನು.

ಈಗ ರೈಸಾ ಹರಸಿದರೆ ವಾಸಂತಿ ಉತ್ತರ ಕೊಡುವ ಹಾಗಿಲ್ಲ. ಕೇಳಿದ್ದೆಲ್ಲವನ್ನೂ ದಾಟಿಸಬೇಕು, ಅಷ್ಟೆ. “ಗುಡ್ ಲಕ್” ಎಂದು ಇಂಗ್ಲಿಷಿಗೆ ದಾಟಿಸುತ್ತಾಳೆ. ಆ ಕಡೆಯ ಡಾಕ್ಟರು ತನಗೇ ಹೇಳಿದ್ದೆಂದುಕೊಂಡು “ಥ್ಯಾಂಕ್ ಯೂ!” ಅನ್ನುತ್ತಾನೆ. ಅದನ್ನೂ ದಾಟಿಸಬೇಕಲ್ಲ! “ಸ್ಪಸೀಬಾ” ಅನ್ನುತ್ತಾಳೆ. ರೈಸಾ ದೃಷ್ಟಿ ತೆಗೆಯುವವಳ ಹಾಗೆ “ಥೂ, ಥೂ, ಥೂ” ಅಂದು, “ಥ್ಯಾಂಕ್ಸ್ ಅಂತ ಥ್ಯಾಂಕ್ಸ್! ಬುದ್ಧಿ ಇಲ್ಲದವು” ಎಂದು ಬೈದು ಫೋನು ಇಡುತ್ತಾಳೆ. ವಾಸಂತಿಯ ನಾಲಿಗೆಯ ತುದಿಗೆ ಬಂದ ಆ ಎರಡು ಮಾತು ಅಲ್ಲೇ ಕೂತಿರುತ್ತವೆ. ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಹೋದ ಚಳಿಗಾಲದಲ್ಲಿ ಮಗನ ಮನೆಗೆಂದು ಸಿಡ್ನಿಗೆ ಹೋಗಿದ್ದಳು. ಮಗ, ಸೊಸೆ ಆಫೀಸಿಗೆ ಹೋದರು. ಮೊಮ್ಮಗ ಆರವ್ ಶಾಲೆಗೆ ಹೋದ. ವಾಸಂತಿ ಸುಮ್ಮನೆ ಮನೆಯಲ್ಲಿರಬಾರದೇ? ನಾರ್ವೆಸ್ಟ್‌ನಲ್ಲಿ ಮೆಟ್ರೊ ಹತ್ತಿ, ಸಿಟಿಯಲ್ಲಿ ಟ್ರೇನು ಬದಲಿಸಿ, ಬಾಂಡೈ ಬಸ್ಸು ಹಿಡಿದಳು. ರೈಸಾಳ ವಿಳಾಸ ಅವಳಿಗೆ ಬಾಯಿಪಾಠ. ಅದೆಷ್ಟೋ ಸಲ ಅದನ್ನು “ನನ್ನ ವಿಳಾಸ” ಎಂದು ತಾನೇ ಹೇಳಿದ್ದಾಳಲ್ಲ! ಸಮುದ್ರದಿಂದ ಎರಡು ಬೀದಿ ಹಿಂದೆ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಒಣಗಿದ ಗಿಡದ ಕುಂಡ, ಒಂದು ಕುರ್ಚಿ. ಒಳಗೆಲ್ಲೋ ರೇಡಿಯೊ.

ಎದುರಿನ ಬಸ್‌ಸ್ಟಾಪಿನಲ್ಲಿ ಕೂತಳು. ಬಾಗಿಲು ತಟ್ಟಿ “ನಾನು” ಅಂದರೆ ಸಾಕು, ದನಿ ಕೇಳಿದರೇ ಮುದುಕಿ ಗುರುತು ಹಿಡಿಯುತ್ತಾಳೆ. ಆಮೇಲೆ ಚಹಾ, ಜಾಮು, ಬೈಗುಳ. ವಾಸಂತಿ ಎರಡು ಸಲ ಎದ್ದು ರಸ್ತೆಯ ಅಂಚಿನವರೆಗೆ ಹೋದಳು. ಆದರೆ ನಿಯಮ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು, ಮೂರನೆಯದಕ್ಕೆ ಹತ್ತಿ ವಾಪಸು ಬಂದಳು. “ಎಲ್ಲಿಗ್ಹೋಗಿದ್ದೆ ಅಮ್ಮಾ?” ಎಂದು ಸುಘೋಷ್ ಕೇಳಿದ್ದಕ್ಕೆ “ಸಮುದ್ರ ನೋಡಾಕ” ಅಂದಳು. ಸಮುದ್ರ ನೋಡಲೇ ಇಲ್ಲ, ಪಾಪ.

ಈ ವರ್ಷ ಮಾರ್ಚ್‌ನಲ್ಲಿ ರೈಸಾ ಬಚ್ಚಲುಮನೆಯಲ್ಲಿ ಬಿದ್ದಳು. ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಳೇನೋ ನಿಜ. ಆದರೆ ಅವಳನ್ನು ಒಬ್ಬಳೇ ಬಿಡಬಹುದೋ, ಇಲ್ಲ ವೃದ್ಧರ ಕೇರ್ ಹೋಮಿಗೆ ಕಳಿಸಬೇಕೋ ನೋಡಿ ಹೇಳಲು ಒಬ್ಬ ನರ್ಸ್ ಬಂದಳು. ಹೆಸರು ಮಿಶೆಲ್. ಜಾಗ ಖಾಲಿ ಇದ್ದ ಕೇರ್ ಹೋಮು ಊರಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ರಷ್ಯನ್ ಅರಿತವರು ಒಬ್ಬರೂ ಇರಲಿಲ್ಲ. ನುಡಿಗಟ್ಟಿನಲ್ಲೇ ಉಸಿರಾಡುವ ಮುದುಕಿ ಅಲ್ಲಿಗೆ ಹೋದರೆ ಮೂಗಿಯಾಗಿ ಸಾಯುತ್ತಾಳೆ. ಅದು ರೈಸಾಗೂ ಗೊತ್ತು, ವಾಸಂತಿಗೂ ಗೊತ್ತು. ಮಿಶೆಲ್ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದಳು. ಮೆಲ್ಬರ್ನಿನಲ್ಲಿ ವಾಸಂತಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಔಷಧಿ, ಅಡುಗೆ, ಮೆಟ್ಟಿಲು ಎಲ್ಲ ಕೇಳಿಯಾಯಿತು. ಕುತ್ತಿಗೆಗೆ ಹಾಕಿಕೊಳ್ಳುವ ಅಲಾರ್ಮ್ ಕೊಡುತ್ತೇವೆ ಎಂದರೆ, “ನಾಯಿಗಿ ಪಟ್ಟಿ ಕಟ್ಟಿದಂಗ! ಅದನ್ನ ಒತ್ತಿದರ ಇಂಗ್ಲಿಷಿನ್ಯಾಗ ಮಾತಾಡ್ತಾರ, ನಾ ಏನನ್ನಲಿ?” ಅಂದಳು ರೈಸಾ. ಅದೂ ಸರಿಯೇ.

“ಸಾವಿನ ಬಗ್ಗೆ ಯೋಚನೆ ಬರುತ್ತದೆಯೇ?” ಮಿಶೆಲ್ ಮೆತ್ತಗೆ ಕೇಳಿದಳು.

ರೈಸಾ ನಕ್ಕಳು. “ಸ್ಮಶಾನದಾಗ ನನ್ನ ಹೆಸರಿಗೆ ಗೈರುಹಾಜರಿ ಹಾಕಾಕತ್ತು ಭಾಳ ದಿನ ಆತು!”

ಧಾರವಾಡದಲ್ಲಾಗಿದ್ದರೆ ‘ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ’ ಎಂದು ರತ್ನವ್ವ ಅಂದಾಗಿನಂತೆ, ಕೇಳಿದವರು ನಕ್ಕು ಎಲೆ ಅಡಿಕೆ ಮುಂದಿಡುತ್ತಿದ್ದರು. ಇಂಗ್ಲಿಷಿನಲ್ಲಿ ಇದನ್ನು ನರ್ಸ್ ಮುಂದೆ ಹೇಗೆ ಹೇಳುವುದು? ಹೇಳದಿರುವ ಹಾಗೂ ಇಲ್ಲ. ಹೇಳಿದಳು. ಆಮೇಲೆ, “ಇಂಟರ್‌ಪ್ರಿಟರ್ ಒಂದು ವಿವರಣೆ ಕೊಡಲು ಬಯಸುತ್ತಾರೆ. ಇದು ವಯಸ್ಸಾದವರು ಆಡುವ ತಮಾಷೆಯ ಮಾತು” ಎಂದು ಸೇರಿಸಿದಳು.

“ಸರಿ. ಆದರೂ ನಾನು ಬರೆದುಕೊಳ್ಳಬೇಕಾಗುತ್ತದೆ” ಅಂದಳು ಮಿಶೆಲ್. ಕೆಟ್ಟವಳಲ್ಲ. ಅವಳ ಕೆಲಸ ಅವಳದು. “ನಿಮಗೆ ಒಂಟಿ ಅನಿಸುತ್ತದೆಯೇ?”

ಈ ಸಲ ರೈಸಾ ನಗಲಿಲ್ಲ. “ಬೆರಳಿನಂಗ ಒಬ್ಬಾಕಿ ಅದೇನಿ.”

ರಷ್ಯನ್ನಿನಲ್ಲಿ ತೀರಾ ಒಂಟಿಯಾದವರನ್ನು ಎತ್ತಿ ಹಿಡಿದ ಒಂದೇ ಬೆರಳಿಗೆ ಹೋಲಿಸುತ್ತಾರೆ. ವಾಸಂತಿ ದಾಟಿಸಿದಳು: “ನನಗೆ ಯಾರೂ ಇಲ್ಲ. ನಾನು ಪೂರ್ತಿ ಒಂಟಿ.” ಹೇಳಿದ ಮೇಲೆ ಆ ಇಂಗ್ಲಿಷ್ ವಾಕ್ಯ ಅವಳ ಕೋಣೆಯಲ್ಲೇ ಉಳಿದುಬಿಟ್ಟಿತು. ಸಾವಿರ ‘ನಾನು’ ಹೇಳಿದ್ದಳು, ಯಾವುದೂ ಹೀಗೆ ಉಳಿದಿರಲಿಲ್ಲ.

“ರೈಸಾ, ದಿನಾ ಬೆಳಿಗ್ಗೆ ನೀವು ಎದ್ದಿದ್ದೀರೋ ಇಲ್ಲವೋ ಅಂತ ವಿಚಾರಿಸುವವರು ಒಬ್ಬರಾದರೂ ಬೇಕು. ಸ್ನೇಹಿತರು, ನೆಂಟರು, ಯಾರಾದರೂ ಸರಿ. ಇದ್ದರೆ ನೀವು ಇಲ್ಲೇ ಇರಬಹುದು ಎಂದು ಬರೆಯುತ್ತೇನೆ. ಯಾರಾದರೂ ಇದ್ದಾರೆಯೇ?”

ಬಾಲ್ಕನಿಯಾಚೆ ಬಸ್ಸು ಹೋದ ಸದ್ದು ಫೋನಿನಲ್ಲಿ ಕೇಳಿಸಿತು. ಆ ಬಸ್ಸು ವಾಸಂತಿಗೆ ಗೊತ್ತು.

“ಈಕಿ ಅದಾಳಲ್ಲ” ಅಂದಳು ರೈಸಾ. “ಫೋನಿನ್ಯಾಗಿನಾಕಿ. ನಂಬರಿನಾಕಿ. ನಾ ಸತ್ತರ ಈಕಿಗೆ ಗೊತ್ತಾಗತೈತಿ.”

ವಾಸಂತಿ ಅದನ್ನೂ ದಾಟಿಸಬೇಕಾಯಿತು. “ಇಂಟರ್‌ಪ್ರಿಟರ್ ಇದ್ದಾರೆ. ನಾನು ಸತ್ತರೆ ಅವರಿಗೆ ಗೊತ್ತಾಗುತ್ತದೆ.”

ಮಿಶೆಲ್ ನಿಟ್ಟುಸಿರಿಟ್ಟಳು. “ಇಲ್ಲ ರೈಸಾ. ಇಂಟರ್‌ಪ್ರಿಟರ್ ಲೆಕ್ಕಕ್ಕೆ ಬರುವುದಿಲ್ಲ.”

ಈಗ ಇದನ್ನು ರಷ್ಯನ್ನಿನಲ್ಲಿ ಹೇಳಬೇಕು. ತನ್ನ ಬಾಯಿಂದ, ತನ್ನ ಬಗ್ಗೆ, ಆ ಮುದುಕಿಗೆ. ಚಿಕ್ಕಂದಿನಲ್ಲಿ ಓಣಿಯ ಕುಂಟಾಬಿಲ್ಲೆಯಲ್ಲಿ ಸಣ್ಣವಳೆಂದು ಅವಳನ್ನು ಸೇರಿಸಿಕೊಂಡು ಅಕ್ಕಂದಿರು ಅನ್ನುತ್ತಿದ್ದ ಮಾತು ನೆನಪಾಯಿತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆಗಲೂ ಅತ್ತಿದ್ದಳು. ವಾಸಂತಿ ಬಾಯಿ ತೆರೆದಳು. ರಷ್ಯನ್ ಬರಲಿಲ್ಲ.

“ಇಂಟರ್‌ಪ್ರಿಟರ್? ಲೈನಿನಲ್ಲಿದ್ದೀರಾ?” ಮಿಶೆಲ್ ಕೇಳಿದಳು.

“ಇದ್ದೀನಿ” ಅಂದಳು ವಾಸಂತಿ ಇಂಗ್ಲಿಷಿನಲ್ಲಿ. “ನಾನು ಇದ್ದೀನಿ. ನಾನು ಅಂದರೆ ನಾನೇ, ರೈಸಾ ಅಲ್ಲ. ನನ್ನ ಹೆಸರು ವಾಸಂತಿ. ಬರೆದುಕೊಳ್ಳಿ. ದಿನಾ ಬೆಳಿಗ್ಗೆ ನಾನು ಅವರಿಗೆ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಆಂಬುಲೆನ್ಸ್ ಕರೆಸುತ್ತೇನೆ. ಸಿಡ್ನಿಯಲ್ಲಿ ನನ್ನ ಮಗ ಇದ್ದಾನೆ, ಅವನನ್ನು ಅಲ್ಲಿಗೆ ಓಡಿಸುತ್ತೇನೆ.”

“ಇದು... ನಿಮಗೆ ಇದಕ್ಕೆ ಅನುಮತಿ ಇದೆಯೇ?”

“ಇಲ್ಲ.”

ಆಮೇಲೆ ಅದಷ್ಟನ್ನೂ ರಷ್ಯನ್ನಿನಲ್ಲಿ ಹೇಳಿದಳು. ರೈಸಾ ಎಲ್ಲ ಕೇಳಿಸಿಕೊಂಡು, “ವಾ-ಸಂ-ತಿ? ಇದ್ಯಾವ ಊರಿನ ಹೆಸರು ಮಾರಾಯ್ತಿ? ನಾ ನಿನ್ನ ರೊಸ್ತೋವ್ ಕಡ್ಯಾಕಿ ಅನ್ಕೊಂಡಿದ್ದೆ!” ಅಂದಳು.

“ಧಾರವಾಡ.”

“ಅದೆಲ್ಲಿ ಬರತೈತಿ?”

“ದೂರ ಐತಿ.”

ಮಿಶೆಲ್ ಒಳ್ಳೆಯವಳು. ಮೇಲಿನವರನ್ನು ಕೇಳಿ, ಪಕ್ಕದ ಮನೆಯವರ ಬಳಿ ಬೀಗದ ಕೈ ಒಂದನ್ನು ಇಡಿಸಿ, ಸದ್ಯಕ್ಕೆ ರೈಸಾ ತನ್ನ ಮನೆಯಲ್ಲೇ ಇರಬಹುದು, ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದು ಬರೆದಳು. ವಾಸಂತಿಗೆ ಕೆಲಸ ಕೊಡುವ ಸಂಸ್ಥೆಯವರೂ ಒಳ್ಳೆಯ ಮಾತಿನಲ್ಲೇ ಫೋನು ಮಾಡಿದರು. ಇಷ್ಟು ವರ್ಷ ಒಂದು ದೂರೂ ಇಲ್ಲದವರು ನೀವು, ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇವೆ. ಆದರೆ ಇನ್ನು ಮೇಲೆ ಆ ಗಿರಾಕಿಯ ಕರೆ ನಿಮಗೆ ಬರುವುದಿಲ್ಲ, ನೀವೀಗ ಅವರ ಕಡೆಯವರು. ‘ಅವರ ಕಡೆಯವರು’ ಅನ್ನುವ ಮಾತು ಕೇಳಿ ವಾಸಂತಿ ಬೈಸಿಕೊಂಡವಳ ಹಾಗೆ ತಲೆ ತಗ್ಗಿಸಲಿಲ್ಲ. ಆ ಮಾತೇ ಸುಖ ಅನಿಸಿತು. ಸುಘೋಷ್ ಮಾತ್ರ “ಅಮ್ಮಾ, ಆರ್ ಯೂ ಸೀರಿಯಸ್? ಯಾರದು ರೈಸಾ ಆಂಟಿ?” ಎಂದು ಬಾಯಿ ಬಿಟ್ಟ. ಹೇಳಲು ಶುರು ಮಾಡಿದರೆ ಬಹಳ ಹೇಳಬೇಕಿತ್ತು. ಬಸ್‌ಸ್ಟಾಪಿನಿಂದ ಶುರು ಮಾಡಿದಳು.

ಮಗನಿಗೆ ಹೇಳಿದ ಮಾರನೆಯ ಬೆಳಿಗ್ಗೆ ಹೆಡ್‌ಫೋನು ಮೇಜಿನ ಮೇಲೆಯೇ ಇತ್ತು. ವಾಸಂತಿ ತನ್ನ ಸ್ವಂತ ಮೊಬೈಲಿನಿಂದ ಬಾಂಡೈಗೆ ಫೋನು ಮಾಡಿದಳು. ನಾಲ್ಕು ಸಲ ರಿಂಗಾಗುವಷ್ಟರಲ್ಲಿ ಅವಳ ಜೀವ ಹೋಗಿ ಬಂತು.

“ಎದ್ದೇನಿ, ಎದ್ದೇನಿ!” ರೈಸಾ ಕೂಗಿದಳು. “ಸ್ಮಶಾನದಾಗ ಇವತ್ತೂ ಗೈರುಹಾಜರಿ. ನೀ ಹೆಂಗ ಅದೀ?”

ವಾಸಂತಿ ಸುಮ್ಮನೆ ಕೂತಳು. ಕೂತೇ ಇದ್ದಳು. ಆ ಕಡೆಯಿಂದ ಯಾರೋ ಉತ್ತರ ಹೇಳುತ್ತಾರೆ, ಅದನ್ನು ದಾಟಿಸೋಣವೆಂದು ಕಾಯುತ್ತಿದ್ದಾಳೆ! ಎಷ್ಟೋ ಹೊತ್ತಿನ ಮೇಲೆ ತಿಳಿಯಿತು, ಈ ಲೈನಿನಲ್ಲಿ ಬೇರೆ ಯಾರೂ ಇಲ್ಲ. ಪ್ರಶ್ನೆ ಅವಳಿಗೇ.

ಆರಾಮ ಅದೀನಿ ಅನ್ನಬಹುದಿತ್ತು. ಭಾನುವಾರದ ಮಾತು ನಾಲಿಗೆ ಮೇಲೇ ಇತ್ತು.

“ಬೆರಳಿನಂಗ ಒಬ್ಬಾಕಿ ಅದೇನಿ, ರೈಸಾ ಮಾರ್ಕೊವ್ನಾ” ಅಂದಳು. ದನಿ ಒಡೆಯಿತು. ಒಡೆದದ್ದನ್ನು ಮುಚ್ಚಿಡಲೂ ಹೋಗಲಿಲ್ಲ.

ರೈಸಾ ಸಮಾಧಾನ ಹೇಳಲಿಲ್ಲ. ಅಳುವುದಕ್ಕೆ ಬಿಟ್ಟಳು. ಆ ಕಡೆ ಕೆಟಲ್ ಕುದಿಯುವ ಸದ್ದು, ಚಮಚೆಯ ಸದ್ದು. ಅತ್ತು ಮುಗಿದ ಮೇಲೆ, “ಚಹಾ ಕುಡದಿ?” ಅಂತ ಕೇಳಿದಳು.

“ಇಲ್ರೀ.”

“ಕುಡಿ ಹೋಗು. ಕೆಲಸದ ಹೊತ್ತಾತು. ಮುದುಕ್ಯಾರು ಕಾಯ್ತಿರತಾರ.” ಆಮೇಲೆ ಪ್ರತಿ ಸಲದ ಹಾಗೇ: “ನಿ ಪುಖಾ ನಿ ಪೆರಾ, ಮಗಳ.”

‘ಗುಡ್ ಲಕ್’ ತುಟಿಯವರೆಗೆ ಬಂದು ನಿಂತಿತು. ಅದನ್ನು ಕೇಳುವವರು ಯಾರೂ ಇರಲಿಲ್ಲ. ವಾಸಂತಿ ಮೂಗು ಒರೆಸಿಕೊಂಡು ಕೋಣೆಯ ಬಾಗಿಲ ಕಡೆ ನೋಡಿದಳು.

“ಕ್ ಚೋರ್ತು!” ಅಂದಳು. ಇಡೀ ಮನೆಗೆ ಕೇಳಿಸುವಷ್ಟು ಜೋರಾಗಿ.

“ಅಬ್ಬಾ!” ಅಂದಳು ರೈಸಾ. “ಈಗ ಬಾಯಿ ಬಂತು ನೋಡ ನಿನಗ.”

“ಬರ್ತೇನಿ” ಎಂದು ಫೋನಿಟ್ಟು, ವಾಸಂತಿ ಎದ್ದು ಹೋಗಿ ಕಾಫಿಗೆ ನೀರಿಟ್ಟಳು.